ಭಟ್ನಾಗರ್ ಪ್ರಶಸ್ತಿಯ ಭಟ್ನಾಗರ್

ಸಭೆಯಲ್ಲಿ ವಿಜ್ಞಾನಿಯೊಬ್ಬರನ್ನು ಪರಿಚಯಿಸುವಾಗ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂದಿದೆ ಎಂಬ ಮಾತು ಸೇರಿದರೆ, ವಿಷಯ ಬಲ್ಲವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ. ನಮ್ಮ ದೇಶದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನದ ಸಾಧನೆಗೆ ಸಲ್ಲುವ ಗೌರವಗಳಲ್ಲಿ ಅದಕ್ಕೆ ಅಂಥ ತೂಕವಿದೆ. ಪ್ರಶಸ್ತಿ ಪಡೆದವರ ಹೆಸರುಗಳು ಪತ್ರಿಕೆಗಳಲ್ಲಿ ಬರುತ್ತವೆ. ಪ್ರಶಸ್ತಿಗೆ ಹೆಸರು ಕೊಟ್ಟ ಶಾಂತಿ ಸ್ವರೂಪ ಭಟ್ನಾಗರರು ಯಾರು, ಎಲ್ಲಿಂದ ಬಂದವರು, ಏನು ಮಾಡಿದರು ಎಂದು ಕೇಳಿದರೆ ಮಾತ್ರ ಓದಿದವರೂ ತಡವರಿಸುತ್ತಾರೆ. ಅವರು ಶಾಲೆಯೊಂದರ ಮುಖ್ಯೋಪಾಧ್ಯಾಯರ ಮಗ. ಇನ್ನೊಂದು ಶಾಲೆಯ ಮುಖ್ಯೋಪಾಧ್ಯಾಯರ ಆಸರೆಯಲ್ಲಿ ಓದಿ ಮುಂದೆ ಬಂದವರು. ನಮ್ಮ ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಅವರ ಬಾಳಿನ ಕಥೆಯನ್ನು ಇಲ್ಲಿ ಬರೆಯಲು ಅದೂ ಒಂದು ಕಾರಣ.

ಭಟ್ನಾಗರರು ಹುಟ್ಟಿದ್ದು 1894ರ ಫೆಬ್ರವರಿ 21ರಂದು, ಪಂಜಾಬಿನ ಶಾಹಪುರ ಜಿಲ್ಲೆಯ ಭೇರಾ ಎಂಬ ಊರಿನಲ್ಲಿ. ಆ ಊರು ಈಗ ಪಾಕಿಸ್ತಾನದಲ್ಲಿದೆ. ತಂದೆ ಪರಮೇಶ್ವರಿ ಸಹಾಯ್ ಪಂಜಾಬ್ ವಿಶ್ವವಿದ್ಯಾನಿಲಯದ ಪದವೀಧರರು. ಅವರು ಬ್ರಹ್ಮ ಸಮಾಜ ಸೇರಿದ ಕಾರಣಕ್ಕೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಸಿಗಲಿಲ್ಲ. ಶಾಲೆಯ ಸಂಬಳವೊಂದೇ ಆಧಾರ. ಮಗುವಿಗೆ ಎಂಟು ತಿಂಗಳಾಗಿದ್ದಾಗ ಆ ತಂದೆಯೂ ತೀರಿಕೊಂಡರು.

ತಾಯಿ ಮಗುವನ್ನು ಕಟ್ಟಿಕೊಂಡು ತವರು ಸೇರಿದರು. ತವರು ಇದ್ದದ್ದು ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ಸಿಕಂದರಾಬಾದಿನಲ್ಲಿ. ಹೈದರಾಬಾದಿನ ಪಕ್ಕದ ಸಿಕಂದರಾಬಾದು ಬೇರೆ, ಇದು ಬೇರೆ. ತಾಯಿಯ ತಂದೆ ಮುನ್ಷಿ ಪ್ಯಾರೇಲಾಲ್ ಎಂಜಿನಿಯರು. ಆ ಮನೆಯಲ್ಲಿ ಮೊಮ್ಮಗನ ಕೈಗೆ ಉಪಕರಣಗಳು ಸಿಕ್ಕವು. ದಾರ ಎಳೆದು ಟೆಲಿಫೋನು ಮಾಡುವುದು, ಯಂತ್ರದ ಆಟಿಕೆಗಳನ್ನು ಜೋಡಿಸುವುದು, ಹೀಗೆ ಹುಡುಗನ ದಿನ ಕಳೆಯುತ್ತಿತ್ತು. ತಾಯಿಯ ಕಡೆಯಿಂದ ಬಂದ ಇನ್ನೊಂದು ಆಸ್ತಿ ಉರ್ದು ಕಾವ್ಯದ ಒಲವು. ಯಂತ್ರ ಮತ್ತು ಕವಿತೆ ಎರಡೂ ಅವರನ್ನು ಕೊನೆಯವರೆಗೆ ಬಿಡಲಿಲ್ಲ.

ಹದಿನಾಲ್ಕನೆಯ ವಯಸ್ಸಿನಲ್ಲಿ, ಅಂದರೆ 1908ರಲ್ಲಿ, ಹುಡುಗ ಲಾಹೋರಿಗೆ ಹೋದ. ಅಲ್ಲಿನ ದಯಾಳ್ ಸಿಂಗ್ ಪ್ರೌಢಶಾಲೆಯ ಮುಖ್ಯೋಪಾಧ್ಯಾಯ ರಘುನಾಥ ಸಹಾಯ್, ತೀರಿಕೊಂಡ ತಂದೆಯ ಸ್ನೇಹಿತರು. ಗೆಳೆಯನ ಮಗನ ಹೊಣೆಯನ್ನು ಅವರು ಹೊತ್ತುಕೊಂಡರು. ಮುಂದೆ, 1915ರಲ್ಲಿ, ತಮ್ಮ ಮಗಳು ಲಾಜವಂತಿಯನ್ನು ಅದೇ ಹುಡುಗನಿಗೆ ಕೊಟ್ಟು ಮದುವೆ ಮಾಡಿದರು.

ಲಾಹೋರಿನ ಆ ವರ್ಷಗಳಲ್ಲಿ ನಡೆದ ಒಂದು ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಬ್ಯಾಟರಿಯಲ್ಲಿ ಇಂಗಾಲದ ಕಡ್ಡಿ ಇರುತ್ತದಲ್ಲ, ಅದನ್ನು ಕಾಕಂಬಿಯ ಜೊತೆ ಇಂಗಾಲದ ಪುಡಿಯನ್ನು ಬೆರೆಸಿ, ಒತ್ತಿ, ಕಾಯಿಸಿ ಇಲ್ಲಿಯೇ ಮಾಡಬಹುದೆಂದು ಈ ಹುಡುಗ ಕಂಡುಕೊಂಡ. ಆ ವಿಷಯವನ್ನು ಬರೆದು ಅಲಹಾಬಾದಿನ ಲೀಡರ್ ಪತ್ರಿಕೆಗೆ ಕಳಿಸಿದ. 1911ರಲ್ಲಿ ಅದು ಅಚ್ಚಾಯಿತು. ಕಾಕಂಬಿ ಎಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಯಾರಿಗೂ ಬೇಡದ ವಸ್ತು. ಬೇಡದ ವಸ್ತುವನ್ನು ಕಂಡರೆ ಇದರಿಂದ ಏನು ಮಾಡಬಹುದು ಎಂದು ಯೋಚಿಸುವ ಅಭ್ಯಾಸ ಆಗಲೇ ಅವರಿಗೆ ಅಂಟಿಕೊಂಡಿತ್ತು.

ಅದೇ ವರ್ಷ ಹೊಸದಾಗಿ ಶುರುವಾಗಿದ್ದ ದಯಾಳ್ ಸಿಂಗ್ ಕಾಲೇಜು ಸೇರಿದರು. ಅಲ್ಲಿನ ನಾಟಕ ಸಂಘದಲ್ಲಿ ಪಾತ್ರ ಮಾಡಿದರು. ಉರ್ದುವಿನಲ್ಲಿ ಕರಾಮಾತಿ ಎಂಬ ಏಕಾಂಕ ಬರೆದು ಬಹುಮಾನವನ್ನೂ ಪದಕವನ್ನೂ ಗಳಿಸಿದರು. ಆಮೇಲೆ ಫೋರ್ಮನ್ ಕ್ರಿಶ್ಚಿಯನ್ ಕಾಲೇಜಿನಲ್ಲಿ 1916ರಲ್ಲಿ ಬಿ.ಎಸ್ಸಿ., 1919ರಲ್ಲಿ ಎಂ.ಎಸ್ಸಿ. ಮುಗಿಸಿದರು. ಈ ನಡುವೆ ಹೊಟ್ಟೆಪಾಡಿಗೆ ಕಾಲೇಜಿನ ಪ್ರಯೋಗಾಲಯದಲ್ಲಿ ಡೆಮಾನ್ಸ್‌ಟ್ರೇಟರ್ ಕೆಲಸ.

ವಿದೇಶದಲ್ಲಿ ಓದಲು ದಯಾಳ್ ಸಿಂಗ್ ಟ್ರಸ್ಟ್ ವಿದ್ಯಾರ್ಥಿವೇತನ ಕೊಟ್ಟಿತು. ದಯಾಳ್ ಸಿಂಗ್ ಮಜೀಠಿಯಾ ಎಂಬ ಸಿಖ್ ಸಿರಿವಂತರು ತಮ್ಮ ಆಸ್ತಿಯನ್ನು ಕಾಲೇಜು ಮತ್ತು ಗ್ರಂಥಾಲಯಕ್ಕಾಗಿ ಬರೆದಿಟ್ಟು ತೀರಿಕೊಂಡಿದ್ದರು. ಆ ಹಣವೇ ಈ ತಂದೆಯಿಲ್ಲದ ಹುಡುಗನನ್ನು ಸಮುದ್ರ ದಾಟಿಸಿತು. ಹೋಗಬೇಕಿದ್ದದ್ದು ಅಮೆರಿಕಕ್ಕೆ. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಊರಿಗೆ ಮರಳುವ ಅಮೆರಿಕನ್ ಸೈನಿಕರೇ ಹಡಗುಗಳಲ್ಲಿ ತುಂಬಿದ್ದರಿಂದ ಲಂಡನ್ನಿನಿಂದ ಮುಂದಕ್ಕೆ ಜಾಗ ಸಿಗಲಿಲ್ಲ. ಟ್ರಸ್ಟಿನ ಒಪ್ಪಿಗೆ ಪಡೆದು ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನೇ ಸೇರಿದರು. ಗುರುಗಳು ಪ್ರೊಫೆಸರ್ ಡೊನಾನ್. ಎಣ್ಣೆ ಮತ್ತು ನೀರು ಬೆರೆತಾಗ ಅವೆರಡರ ಗಡಿಯಲ್ಲಿ ಏನು ನಡೆಯುತ್ತದೆ, ಕಲಕಿದ ದ್ರವದಲ್ಲಿ ಸಣ್ಣ ಕಣಗಳು ಹೇಗೆ ತೇಲಿಕೊಂಡಿರುತ್ತವೆ, ಯಾವಾಗ ಗಟ್ಟಿಕಟ್ಟುತ್ತವೆ ಎಂಬ ಬಗೆಯ ವಿಷಯ ಅವರ ಅಭ್ಯಾಸಕ್ಕೆ ಬಂತು. 1921ರಲ್ಲಿ ಡಿ.ಎಸ್ಸಿ. ಪದವಿ ಬಂತು. ಅಮೆರಿಕ ತಪ್ಪಿ ಲಂಡನ್ ಸಿಕ್ಕಿದ್ದು ಎಂಥ ಉಪಕಾರವಾಯಿತೆಂದು ಮುಂದೆ ಗೊತ್ತಾಗುತ್ತದೆ.

ಅದೇ ವರ್ಷ ಹಿಂತಿರುಗಿ, ಮದನ ಮೋಹನ ಮಾಳವೀಯರು ಕಟ್ಟಿದ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. ಅಲ್ಲಿದ್ದದ್ದು ಮೂರೇ ವರ್ಷ. ಆ ವಿಶ್ವವಿದ್ಯಾನಿಲಯಕ್ಕೆ ಅವರು ಹಿಂದಿಯಲ್ಲಿ ಬರೆದುಕೊಟ್ಟ ಕುಲಗೀತೆಯನ್ನು ಅಲ್ಲಿನ ವಿದ್ಯಾರ್ಥಿಗಳು ಇವತ್ತಿಗೂ ಹಾಡುತ್ತಾರೆ. ರಸಾಯನಶಾಸ್ತ್ರದ ಮೇಷ್ಟ್ರು ಬರೆದದ್ದು ಎಂದು ಹಾಡುವವರಲ್ಲಿ ಎಷ್ಟು ಮಂದಿಗೆ ಗೊತ್ತೋ!

1924ರಲ್ಲಿ ಲಾಹೋರಿಗೆ ಮರಳಿ, ಪಂಜಾಬ್ ವಿಶ್ವವಿದ್ಯಾನಿಲಯದ ರಸಾಯನ ಪ್ರಯೋಗಾಲಯಗಳ ನಿರ್ದೇಶಕರಾದರು. ಮುಂದಿನ ಹದಿನಾರು ವರ್ಷ ಅವರ ಬಾಳಿನ ಸಮೃದ್ಧ ಕಾಲ. ಶುದ್ಧ ವಿಜ್ಞಾನದಲ್ಲಿ ಅವರು ಹಿಡಿದದ್ದು ಕಾಂತತ್ವದ ದಾರಿ. ಕಬ್ಬಿಣವನ್ನು ಅಯಸ್ಕಾಂತ ಎಳೆಯುವುದು ಮಕ್ಕಳಿಗೂ ಗೊತ್ತು. ಆದರೆ ಉಪ್ಪು, ಸಕ್ಕರೆ, ನೀರು, ಎಲ್ಲ ವಸ್ತುವೂ ಅಯಸ್ಕಾಂತದ ಮುಂದೆ ಎಷ್ಟೋ ಅಷ್ಟು ಎಳೆಯಲ್ಪಡುತ್ತದೆ ಅಥವಾ ದೂಡಲ್ಪಡುತ್ತದೆ. ಆ ಎಳೆತ ಅತಿ ಸೂಕ್ಷ್ಮವಾದದ್ದು. ಅದನ್ನು ಅಳೆದರೆ ವಸ್ತುವಿನ ಅಣುಗಳ ಒಳರಚನೆ ಸ್ವಲ್ಪ ತಿಳಿಯುತ್ತದೆ. ಕೆ.ಎನ್. ಮಾಥುರ್ ಅವರೊಂದಿಗೆ ಸೇರಿ 1928ರಲ್ಲಿ ಭಟ್ನಾಗರರು ಇದಕ್ಕೊಂದು ತಕ್ಕಡಿ ಮಾಡಿದರು. ವಸ್ತು ಕೂದಲೆಳೆಗಿಂತ ಎಷ್ಟೋ ಕಡಿಮೆ ಸರಿದರೂ ಬೆಳಕಿನ ಪಟ್ಟೆಗಳು ಜಾಗ ಬದಲಿಸುವಂತೆ ಅದರ ಏರ್ಪಾಡು. ಆ ಪಟ್ಟೆಗಳನ್ನು ನೋಡಿ ಎಳೆತವನ್ನು ಲೆಕ್ಕ ಹಾಕುವುದು. 1931ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕೂಟದಲ್ಲಿ ಅದನ್ನು ಪ್ರದರ್ಶನಕ್ಕಿಟ್ಟರು. ಲಂಡನ್ನಿನ ಹಿಲ್ಗರ್ ಕಂಪನಿ ಅದನ್ನು ತಯಾರಿಸಿ ಮಾರಿತು. ಈ ವಿಷಯದ ಮೇಲೆ ಇಬ್ಬರೂ ಬರೆದ ಇಂಗ್ಲಿಷ್ ಗ್ರಂಥ 1935ರಲ್ಲಿ ಹೊರಬಂತು.

ಇನ್ನೊಂದು ಕಡೆ ಪ್ರಯೋಗಾಲಯದ ಬಾಗಿಲಿಗೆ ಕೈಗಾರಿಕೆಯವರು ಬರತೊಡಗಿದರು. ಸರ್ ಗಂಗಾರಾಮ್ ಅವರಿಗಾಗಿ ಕಬ್ಬಿನ ಸಿಪ್ಪೆಯಿಂದ ದನಗಳಿಗೆ ಮೇವಿನ ಬಿಲ್ಲೆ ಮಾಡುವ ಕೆಲಸ ಮೊದಲು ಬಂತು. ಅವರ ಹೆಸರನ್ನು ದೊಡ್ಡದು ಮಾಡಿದ್ದು ಮಾತ್ರ ಕೆಸರು.

ನಮ್ಮ ಹೊಲಗಳಲ್ಲಿ ಬೋರ್‌ವೆಲ್ ಕೊರೆಸಿದವರಿಗೆ ಇದನ್ನು ಹೇಳುವುದು ಸುಲಭ. ನಮ್ಮಲ್ಲಿ ಕಲ್ಲು ಕೊರೆದಾಗ ಕಂಪ್ರೆಸರಿನ ಗಾಳಿ ದೂಳನ್ನು ಮೇಲಕ್ಕೆ ತಳ್ಳುತ್ತದೆ. ಎಣ್ಣೆ ಬಾವಿಯಲ್ಲಿ ಆ ಕೆಲಸ ತೆಳು ಕೆಸರಿನದು. ಕೊಳವೆಯೊಳಗಿಂದ ಕೆಸರನ್ನು ಕೆಳಗೆ ಪಂಪು ಮಾಡುತ್ತಾರೆ. ಅದು ಬೈರಿಗೆಯನ್ನು ತಣ್ಣಗಿಟ್ಟು, ಕೊರೆದ ಚೂರುಗಳನ್ನು ಹೊತ್ತುಕೊಂಡು ಪಕ್ಕದಿಂದ ಮೇಲೆ ಬರುತ್ತದೆ. ರಾವಲ್ಪಿಂಡಿಯ ಅಟಕ್ ಆಯಿಲ್ ಕಂಪನಿ ಕೊರೆಯುತ್ತಿದ್ದ ನೆಲದಲ್ಲಿ ಉಪ್ಪಿನ ಪದರಗಳು ಸಿಗುತ್ತಿದ್ದವು. ಉಪ್ಪುನೀರು ತಾಗಿದೊಡನೆ ಕೆಸರು, ನಿಂಬೆಹುಳಿ ಬಿದ್ದ ಹಾಲಿನಂತೆ ಒಡೆದು ಗಟ್ಟಿಯಾಗಿ ಕೂತುಬಿಡುತ್ತಿತ್ತು. ಕೊರೆಯುವ ಕೆಲಸ ಅಲ್ಲಿಗೆ ನಿಂತುಹೋಗುತ್ತಿತ್ತು. ಕಂಪನಿಯವರಿಗೆ ಇದು ಯಂತ್ರದ ತೊಂದರೆಯಂತೆ ಕಂಡಿತು. ಲಂಡನ್ನಿನಲ್ಲಿ ಕಲಕಿದ ದ್ರವಗಳ ಸ್ವಭಾವವನ್ನು ಓದಿಬಂದಿದ್ದ ಭಟ್ನಾಗರರಿಗೆ ಇದು ರಸಾಯನಶಾಸ್ತ್ರದ ತೊಂದರೆಯೆಂದು ಹೊಳೆಯಿತು. ಅವರು ಕೆಸರಿಗೆ ನಮ್ಮ ದೇಶದ ಮರದ ಅಂಟನ್ನು ಸೇರಿಸಿದರು. ಅಂಟು ಜೇಡಿಯ ಒಂದೊಂದು ಕಣವನ್ನೂ ಹೊದ್ದು, ಒಂದಕ್ಕೊಂದು ಕೂಡಿಕೊಳ್ಳದಂತೆ ಕಾಯಿತು. ಕೆಸರು ತೆಳುವಾಗಿಯೇ ಉಳಿಯಿತು. ಹಿಂದಿನವರು ದೀಪದ ಕಾಡಿಗೆಗೆ ಅಂಟು ಕಲಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಕಾಡಿಗೆ ತಳಕ್ಕೆ ಇಳಿಯದಂತೆ ಕಾಯುತ್ತಿದ್ದದ್ದೂ ಇದೇ ಗುಣ.

ಕಂಪನಿಯ ಒಡೆಯರಾದ ಲಂಡನ್ನಿನ ಸ್ಟೀಲ್ ಬ್ರದರ್ಸ್ ಸಂತೋಷಪಟ್ಟು, ಪೆಟ್ರೋಲಿಯಂ ಸಂಶೋಧನೆಗಾಗಿ ಭಟ್ನಾಗರರಿಗೆ 1,50,000 ರೂಪಾಯಿ ಕೊಡಲು ಮುಂದಾದರು. ಅದು ಎಷ್ಟು ದೊಡ್ಡ ಮೊತ್ತವೆಂದು ಆ ಕಾಲದ ಮೇಷ್ಟ್ರ ಸಂಬಳ ಬಲ್ಲ ಹಿರಿಯರಿಗೆ ಹೇಳಬೇಕಾಗಿಲ್ಲ. ಹಣ ತಮ್ಮ ಕೈಗೆ ಬೇಡ, ವಿಶ್ವವಿದ್ಯಾನಿಲಯದ ಮೂಲಕ ಬರಲಿ ಎಂದರು ಭಟ್ನಾಗರರು. ಅದರಿಂದ ಅಲ್ಲಿ ಪೆಟ್ರೋಲಿಯಂ ಸಂಶೋಧನೆಯ ವಿಭಾಗವೊಂದು ಹುಟ್ಟಿತು. ಸೀಮೆಎಣ್ಣೆಯ ದೀಪದ ಉರಿಯನ್ನು ಎತ್ತರಿಸುವುದು, ಮೇಣದ ವಾಸನೆ ತೆಗೆಯುವುದು, ಎಣ್ಣೆ ಗಿರಣಿಗಳಲ್ಲಿ ಮಿಕ್ಕಿದ್ದನ್ನು ಬಳಸುವುದು ಎಂದು ಸಂಶೋಧಕರಿಗೆ ಕೆಲಸ ಸಿಕ್ಕಿತು. ಮುಂದೆ ಕಂಪನಿ ಮೊತ್ತವನ್ನು 2,50,000ಕ್ಕೆ ಏರಿಸಿತು. ತಂದೆಯ ಆಸ್ತಿ ಕಾಣದೆ, ಬೇರೆಯವರು ಬರೆದಿಟ್ಟ ಹಣದಲ್ಲಿ ಓದಿದವರು ಭಟ್ನಾಗರರು. ಹಣ ಒಂದು ಸಂಸ್ಥೆಯಲ್ಲಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಅವರೇ ಸಾಕ್ಷಿಯಾಗಿದ್ದರು. ಅವರ ಈ ನಡೆಯ ಬೇರು ಅಲ್ಲಿದೆ ಎಂದು ನನಗೆ ತೋರುತ್ತದೆ. ವಿಜ್ಞಾನಿ ಮೇಘನಾದ ಸಹಾ ಅವರು ಇದನ್ನು ಮೆಚ್ಚಿ ಪತ್ರ ಬರೆದರು. ಅದೇ ಸಹಾ ಮುಂದೆ ಅವರ ಟೀಕಾಕಾರರೂ ಆದರು.

ಎರಡನೆಯ ಮಹಾಯುದ್ಧ ಬಂತು. ಹೊರಗಿನಿಂದ ಬರುತ್ತಿದ್ದ ಸಾಮಾನು ನಿಂತಿತು. ಆಗ ವೈಸರಾಯರ ಸರ್ಕಾರದಲ್ಲಿ ವಾಣಿಜ್ಯ ಖಾತೆ ನೋಡುತ್ತಿದ್ದವರು ಸರ್ ಎ. ರಾಮಸ್ವಾಮಿ ಮೊದಲಿಯಾರ್. ಸ್ವಾತಂತ್ರ್ಯ ಬಂದಾಗ ಮೈಸೂರಿನ ದಿವಾನರಾಗಿದ್ದ ಮೊದಲಿಯಾರರೇ ಇವರು. ಕೈಗಾರಿಕೆಗೆ ಬೇಕಾದ ಸಂಶೋಧನೆಗೆ ಒಂದು ಮಂಡಳಿ ಬೇಕೆಂದು ಅವರು ಹಟ ಹಿಡಿದರು. 1940ರ ಏಪ್ರಿಲ್ 1ರಂದು ಅದು ಹುಟ್ಟಿತು. ಎರಡು ವರ್ಷದ ಆಯಸ್ಸು, ವರ್ಷಕ್ಕೆ ಐದು ಲಕ್ಷ ರೂಪಾಯಿ. ಮೊದಲಿಯಾರ್ ಅಧ್ಯಕ್ಷರು, ಭಟ್ನಾಗರ್ ನಿರ್ದೇಶಕರು. ವಿಷಾನಿಲ ತಡೆಯುವ ಬಟ್ಟೆ, ಸಸ್ಯದ ಎಣ್ಣೆ ಬೆರೆಸಿದ ಇಂಧನ, ಬಲೂಚಿಸ್ತಾನದ ಗಂಧಕದ ಶುದ್ಧೀಕರಣ ಮೊದಲಾದ ಯುದ್ಧಕಾಲದ ಕೆಲಸಗಳು ಅಲ್ಲಿ ನಡೆದವು. ಅಲ್ಪಾಯುಷಿಯಾದ ಈ ಮಂಡಳಿಯನ್ನು ಶಾಶ್ವತ ಮಾಡಲು ಇಬ್ಬರೂ ಸೇರಿ ಶ್ರಮಿಸಿದರು. ವರ್ಷಕ್ಕೆ ಹತ್ತು ಲಕ್ಷದಂತೆ ಐದು ವರ್ಷದ ನಿಧಿಗೆ ಕೇಂದ್ರ ಶಾಸನಸಭೆ ಒಪ್ಪಿತು. 1942ರ ಸೆಪ್ಟೆಂಬರ್ 26ರಂದು ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅಸ್ತಿತ್ವಕ್ಕೆ ಬಂತು. ಇಂದು ಎಲ್ಲರೂ ಸಿ.ಎಸ್.ಐ.ಆರ್. ಎಂದು ಕರೆಯುವುದು ಇದನ್ನೇ.

1941ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಸರ್ ಪದವಿ ಕೊಟ್ಟಿತ್ತು. 1943ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1946ರಲ್ಲಿ ಪತ್ನಿ ಲಾಜವಂತಿ ತೀರಿಕೊಂಡರು. ಮಡದಿಯ ಹೆಸರನ್ನೇ ಇಟ್ಟು ಅವರ ಉರ್ದು ಕವಿತೆಗಳ ಸಂಕಲನ ಪ್ರಕಟವಾಯಿತು. ಮರುವರ್ಷ ದೇಶ ಇಬ್ಭಾಗವಾಯಿತು. ಹುಟ್ಟಿದ ಭೇರಾ, ಬೆಳೆದ ಲಾಹೋರು, ಹದಿನಾರು ವರ್ಷ ದುಡಿದ ಪ್ರಯೋಗಾಲಯ ಎಲ್ಲವೂ ಗಡಿಯಾಚೆ ಉಳಿದವು.

ಆಮೇಲೆ ಅವರು ಕಟ್ಟಿದ ವೇಗ ನೋಡಿದರೆ ಬೆರಗಾಗುತ್ತದೆ. ಪ್ರಧಾನಿ ನೆಹರೂ ಮಂಡಳಿಯ ಅಧ್ಯಕ್ಷರಾಗಿ ಬೆನ್ನಿಗಿದ್ದರು. 1950ರ ಜನವರಿಯಲ್ಲಿ ಪುಣೆಯಲ್ಲಿ ರಸಾಯನ ಪ್ರಯೋಗಾಲಯ, ಅದೇ ತಿಂಗಳು ದೆಹಲಿಯಲ್ಲಿ ಭೌತ ಪ್ರಯೋಗಾಲಯ. ನಂತರ ಧನಬಾದ್, ಕಲ್ಕತ್ತ, ಮೈಸೂರು, ಜಮ್‌ಷೆಡ್‌ಪುರ. ಒಂದೇ ವರ್ಷದಲ್ಲಿ ಆರು. ಅವರ ಕಾಲದಲ್ಲಿ ಹನ್ನೆರಡು ಪ್ರಯೋಗಾಲಯಗಳು ಎದ್ದವು. ತನಗೆಂದು ಹಣ ಮುಟ್ಟದ ಮನುಷ್ಯ ಸಂಸ್ಥೆಗಾಗಿ ಬೇಡುವುದರಲ್ಲಿ ನಿಸ್ಸೀಮರಾದರು. ಟಾಟಾ ಸಂಸ್ಥೆಗಳು ಪುಣೆಗೂ ಜಮ್‌ಷೆಡ್‌ಪುರಕ್ಕೂ ಹಣ ಕೊಟ್ಟವು. ತಮಿಳುನಾಡಿನ ಕಾರೈಕುಡಿಯಲ್ಲಿ ಅಳಗಪ್ಪ ಚೆಟ್ಟಿಯಾರ್ 300 ಎಕರೆ ನೆಲ, 15 ಲಕ್ಷ ರೂಪಾಯಿ ಕೊಟ್ಟರು.

ಮೈಸೂರಿನಿಂದ ಬಂದದ್ದು ಒಂದು ಅರಮನೆ. ರಾಜಕುಮಾರಿಗಾಗಿ ಕಟ್ಟಿಸಿದ್ದ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರ ಅಕ್ಟೋಬರ್ 21ರಂದು ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಶುರುವಾಯಿತು. ಮೊದಲ ನಿರ್ದೇಶಕರು ಡಾ. ವಿ. ಸುಬ್ರಹ್ಮಣ್ಯನ್. ಶೇಂಗಾ ಹಿಟ್ಟಿಗೆ ಕಡಲೆಹಿಟ್ಟು, ಜೀವಸತ್ವಗಳನ್ನು ಕೂಡಿಸಿದ ಪೌಷ್ಟಿಕ ಆಹಾರ ಅಲ್ಲಿ ತಯಾರಾಯಿತು. ಎಮ್ಮೆ ಹಾಲಿನಿಂದ ಎಳೆಗೂಸುಗಳ ಆಹಾರ ಮಾಡುವುದು ಆಗದ ಮಾತು ಎಂದು ಹೊರದೇಶದವರು ಹೇಳುತ್ತಿದ್ದ ಕಾಲದಲ್ಲಿ ಅಲ್ಲಿಯೇ ಅದನ್ನು ಮಾಡಿ ತೋರಿಸಿದರು. ಅಮುಲ್ ಡಬ್ಬಿಯಲ್ಲಿ ಅದು ದೇಶದ ಮನೆಮನೆಗೆ ಹೋಯಿತು. ಮೈಸೂರಿಗೆ ಶಾಲಾ ಪ್ರವಾಸ ಹೋಗುವ ಮಕ್ಕಳಿಗೆ ದೊಡ್ಡ ಅರಮನೆಯ ಜೊತೆ ಈ ಅರಮನೆಯನ್ನೂ ಹೊರಗಿನಿಂದಾದರೂ ತೋರಿಸುವುದು ಒಳ್ಳೆಯದು.

ಇದೆಲ್ಲ ಸರಾಗವಾಗಿ, ಎಲ್ಲರ ಮೆಚ್ಚುಗೆಯಲ್ಲಿ ನಡೆಯಿತೆಂದು ಬರೆದರೆ ಸುಳ್ಳಾಗುತ್ತದೆ. ಬುದ್ಧಿವಂತರೆಲ್ಲ ಸರ್ಕಾರದ ಪ್ರಯೋಗಾಲಯಗಳಿಗೆ ಹೋದರೆ ವಿಶ್ವವಿದ್ಯಾನಿಲಯಗಳ ಗತಿಯೇನು, ಮಕ್ಕಳಿಗೆ ಕಲಿಸುವವರು ಯಾರು ಎಂದು ಮೇಘನಾದ ಸಹಾ ಕೇಳಿದರು. ಲೋಕಸಭೆಗೆ ಆರಿಸಿ ಬಂದ ಮೇಲೂ ಸರ್ಕಾರದ ವಿಜ್ಞಾನ ನೀತಿಯನ್ನು ಅವರು ಟೀಕಿಸಿದರು. ಬೆಂಗಳೂರಿನಲ್ಲಿ ಸರ್ಕಾರದ ಹಣದ ಹಂಗಿಲ್ಲದೆ ತಮ್ಮ ಸಂಸ್ಥೆ ನಡೆಸುತ್ತಿದ್ದ ಸರ್ ಸಿ.ವಿ. ರಾಮನ್ನರಿಗಂತೂ ಈ ಕಟ್ಟಡಗಳ ಭರಾಟೆ ಹಿಡಿಸಲೇ ಇಲ್ಲ. ತಮ್ಮ ರಾಮನ್ ಪರಿಣಾಮಕ್ಕೆ ಜೋಡಿಯಾಗಿ ಅವರು ಇದಕ್ಕೆ ನೆಹರೂ–ಭಟ್ನಾಗರ್ ಪರಿಣಾಮ ಎಂದು ಕುಚೋದ್ಯದ ಹೆಸರಿಟ್ಟರೆಂದು ಹೇಳುತ್ತಾರೆ. ಸಹಾ ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮೇಷ್ಟ್ರಾಗಿದ್ದವನಿಗೆ ಅದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ: ಕಲಿಸುವ ಕಡೆ ಸಂಶೋಧನೆ ಇಲ್ಲದಿದ್ದರೆ ಪಾಠ ಒಣಗುತ್ತದೆ. ಲಾಹೋರಿನ ವಿಶ್ವವಿದ್ಯಾನಿಲಯಕ್ಕೇ ಹಣ ಬರಲಿ ಎಂದಿದ್ದ ಭಟ್ನಾಗರರಿಗೆ ಇದು ತಿಳಿಯದ್ದೇನೂ ಅಲ್ಲ. ಆದರೆ ಅಂದಿನ ದೇಶದಲ್ಲಿ ಔಷಧ, ಗಾಜು, ಚರ್ಮ, ರಸ್ತೆ, ಕಲ್ಲಿದ್ದಲು ಯಾವುದಕ್ಕೂ ತಕ್ಕ ಪ್ರಯೋಗಾಲಯ ಇರಲಿಲ್ಲ. ವಿಶ್ವವಿದ್ಯಾನಿಲಯಗಳು ಒಂದೊಂದಾಗಿ ಬಲಿಯುವವರೆಗೆ ಕಾಯಲು ಅವರಿಗೆ ವ್ಯವಧಾನವಿರಲಿಲ್ಲ. 1953ರ ಡಿಸೆಂಬರಿನಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಶುರುವಾದಾಗ ಅದರ ಮೊದಲ ಅಧ್ಯಕ್ಷರಾದವರೂ ಭಟ್ನಾಗರರೇ. ಆ ಪ್ರಶ್ನೆಗೆ ಉತ್ತರ ಕೊಡುವ ಕುರ್ಚಿ ಅವರಿಗೆ ಸಿಕ್ಕಿತ್ತು. ಸಮಯ ಮಾತ್ರ ಸಿಗಲಿಲ್ಲ.

ಕೊನೆಯ ವರ್ಷಗಳಲ್ಲಿ ಅವರ ಹೆಗಲ ಮೇಲಿದ್ದ ಹೊರೆ ಒಂದೆರಡಲ್ಲ. ಸಂಶೋಧನಾ ಮಂಡಳಿ ಇತ್ತು. ನೈಸರ್ಗಿಕ ಸಂಪನ್ಮೂಲ ಮತ್ತು ವೈಜ್ಞಾನಿಕ ಸಂಶೋಧನೆಯ ಸಚಿವಾಲಯದ ಕಾರ್ಯದರ್ಶಿ ಹುದ್ದೆ ಇತ್ತು. 1948ರಲ್ಲಿ ರಚನೆಯಾದ ಪರಮಾಣು ಶಕ್ತಿ ಆಯೋಗದಲ್ಲಿ ಹೋಮಿ ಭಾಭಾ ಮತ್ತು ಕೆ.ಎಸ್. ಕೃಷ್ಣನ್ ಅವರ ಜೊತೆ ಮೂರನೆಯ ಸದಸ್ಯರಾಗಿದ್ದರು. ಮುಂಬಯಿ ಮತ್ತು ವಿಶಾಖಪಟ್ಟಣದಲ್ಲಿ ಎಣ್ಣೆ ಶುದ್ಧೀಕರಣ ಘಟಕ ತೆರೆಯುವ ಬಗ್ಗೆ ವಿದೇಶಿ ಕಂಪನಿಗಳೊಂದಿಗೆ ಮಾತುಕತೆಗೆ ಕುಳಿತವರೂ ಅವರೇ. ಕೆಸರಿಗೆ ಅಂಟು ಬೆರೆಸಿದ್ದ ಕೈಗೆ ಎಣ್ಣೆಯ ವ್ಯವಹಾರ ಹೊಸತಾಗಿರಲಿಲ್ಲ. 1954ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ನೀಡಿತು. 1955ರ ಜನವರಿ 1ರಂದು, ಹೊಸ ವರ್ಷದ ಮೊದಲ ದಿನ, ದೆಹಲಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅರವತ್ತೊಂದು ತುಂಬಲು ಇನ್ನೂ ಏಳು ವಾರ ಇತ್ತು.

ಅವರ ನೆನಪಿಗಾಗಿ ಸಂಶೋಧನಾ ಮಂಡಳಿ 1957ರಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿತು. 1958ರಲ್ಲಿ ಅದನ್ನು ಮೊದಲು ಪಡೆದವರು ಕೆ.ಎಸ್. ಕೃಷ್ಣನ್, ದೆಹಲಿಯ ಭೌತ ಪ್ರಯೋಗಾಲಯದ ಮೊದಲ ನಿರ್ದೇಶಕರು. 1961ರಲ್ಲಿ ಅಸೀಮಾ ಚಟರ್ಜಿ ಇದನ್ನು ಪಡೆದ ಮೊದಲ ಮಹಿಳೆಯಾದರು. 1968ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಿ.ಎನ್.ಆರ್. ರಾವ್ ಅವರಿಗೆ ರಸಾಯನಶಾಸ್ತ್ರಕ್ಕೆ, 1972ರಲ್ಲಿ ದ್ರವ ಸ್ಫಟಿಕಗಳ ಮೇಲೆ ಕೆಲಸ ಮಾಡಿದ ರಾಮನ್ ಸಂಶೋಧನಾ ಸಂಸ್ಥೆಯ ಶಿವರಾಮಕೃಷ್ಣ ಚಂದ್ರಶೇಖರ್ ಅವರಿಗೆ, 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೊದ್ದಂ ನರಸಿಂಹ ಅವರಿಗೆ ಎಂಜಿನಿಯರಿಂಗ್ ಕ್ಷೇತ್ರಕ್ಕೆ ಬಂತು. ಭಟ್ನಾಗರರ ಕಟ್ಟಡಗಳನ್ನು ಕಂಡು ಮುಖ ಸಿಂಡರಿಸಿದ್ದ ರಾಮನ್ನರ ಸಂಸ್ಥೆಗೇ ಭಟ್ನಾಗರರ ಹೆಸರಿನ ಪ್ರಶಸ್ತಿ ಹೋದದ್ದನ್ನು ಓದಿ ನಗು ಬರುತ್ತದೆ. ನಲವತ್ತೈದರ ಒಳಗಿನ ವಿಜ್ಞಾನಿಗಳಿಗೆ ಕೊಡುವುದು ಬಹುಕಾಲದಿಂದ ನಡೆದು ಬಂದ ಪದ್ಧತಿ. 2024ರಿಂದ ಅದು ರಾಷ್ಟ್ರೀಯ ವಿಜ್ಞಾನ ಪುರಸ್ಕಾರಗಳ ಗುಂಪಿಗೆ ಸೇರಿ, ವಿಜ್ಞಾನ ಯುವ – ಶಾಂತಿ ಸ್ವರೂಪ ಭಟ್ನಾಗರ್ ಪುರಸ್ಕಾರ ಎಂಬ ಹೆಸರಿನಲ್ಲಿ ರಾಷ್ಟ್ರಪತಿಗಳ ಕೈಯಿಂದ ಯುವ ವಿಜ್ಞಾನಿಗಳಿಗೆ ಸಲ್ಲುತ್ತಿದೆ.